ಕಟ್ಟಕಡೆಯ ಸಾಲಿಗೆ ಕೇಳುವ ದನಿ

ಸಭೆಯ ನಡುವೆ ಕರೆಂಟು ಹೋಗಿ ಮೈಕು ನಿಂತುಹೋದ ಗಳಿಗೆಯನ್ನು ನೀವೆಲ್ಲ ಕಂಡಿರುತ್ತೀರಿ. ಭಾಷಣ ಮಾಡುತ್ತಿದ್ದವರು ಮೈಕಿನ ತಲೆಯನ್ನು ಎರಡು ಸಲ ತಟ್ಟುತ್ತಾರೆ, ಮೈಕ್‌ಸೆಟ್ಟಿನ ಹುಡುಗನ ಕಡೆ ನೋಡುತ್ತಾರೆ, ಆಮೇಲೆ ಗಂಟಲು ಏರಿಸಿ ನಾಲ್ಕು ಮಾತು ಕೂಗುತ್ತಾರೆ. ಮುಂದಿನ ಎರಡು ಸಾಲಿನವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಹಿಂದಿನವರು ಆಗಲೇ ಪಕ್ಕದವರೊಡನೆ ಮಾತಿಗಿಳಿದಿರುತ್ತಾರೆ. ಹತ್ತು ನಿಮಿಷದೊಳಗೆ ಕರೆಂಟು ಬಾರದಿದ್ದರೆ ಸಭೆ ಚದುರುತ್ತದೆ. ಹಾಗಾದರೆ ಮೈಕು ಎಂಬುದೇ ಇಲ್ಲದ ಕಾಲದಲ್ಲಿ, ನೂರಾರು, ಕೆಲವೊಮ್ಮೆ ಸಾವಿರಾರು ಜನರ ಮುಂದೆ ಬಾಯಿ ತೆರೆಯುವುದನ್ನೇ ಕಸುಬು ಮಾಡಿಕೊಂಡಿದ್ದವರು ತಮ್ಮ ಮಾತನ್ನು ಹೇಗೆ ತಲುಪಿಸುತ್ತಿದ್ದರು? ಅದೂ ಒಂದು ಗಂಟೆಯಲ್ಲ, ಇಡೀ ರಾತ್ರಿ?

ಈ ಪ್ರಶ್ನೆಗೆ ಉತ್ತರ ಹುಡುಕಲು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಿಂತ ಒಳ್ಳೆಯ ಜಾಗ ನನಗೆ ತೋಚಿಲ್ಲ. ಇಂದು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಆದರೆ ಈ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಹಿಂದೆ ಹೋದರೆ, ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು ಅದು. ಬಸ್ಸಿನಲ್ಲಿ ಅಲ್ಲಿಂದ ಒಂದು ಗಂಟೆಯೂ ಆಗದ ಕೊಳ್ಳೇಗಾಲ ಮಾತ್ರ, ಹನೂರು ಮತ್ತು ಮಲೆ ಮಹದೇಶ್ವರನ ಬೆಟ್ಟಗಳ ಸಮೇತ, ಬ್ರಿಟಿಷರ ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗಲೇ ಅದು ಮೈಸೂರಿನೊಡನೆ ಕೂಡಿದ್ದು. ನಡುವೆ ಗಡಿ ಇದ್ದರೂ ಎರಡೂ ಕಡೆ ಒಂದೇ ಮಾತು, ಒಂದೇ ದೇವರು, ಒಂದೇ ಕಥೆ. ಆ ಕಥೆಯನ್ನು ಗಡಿ ದಾಟಿಸಿದವರು ಅಕ್ಷರ ಬಲ್ಲವರಲ್ಲ, ಗಂಟಲು ಬಲ್ಲವರು.

ಕಥೆಗಾರರ ವಿಷಯಕ್ಕೆ ಹೋಗುವ ಮುನ್ನ ಇನ್ನೊಬ್ಬ ದನಿಯ ಕಸುಬುದಾರನನ್ನು ನೆನೆಯಬೇಕು. ಅವನೇ ಊರಿನಲ್ಲಿ ತಮಟೆ ಹೊಡೆದು ಸಾರುತ್ತಿದ್ದವನು. ಡಂಗುರ, ಟಾಂಟಾಂ, ಸಾರು, ಹೆಸರು ಏನೇ ಇರಲಿ, ಸರ್ಕಾರದ ಮಾತು ಹಳ್ಳಿಗೆ ತಲುಪುತ್ತಿದ್ದುದು ಅವನ ಬಾಯಿಂದ. ಇದು ಬರೀ ರೂಢಿಯ ಮಾತಲ್ಲ, ಕಾನೂನು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮವನ್ನು ನೋಡಿ. ಸಾಲಕ್ಕಾಗಿ ಒಬ್ಬನ ಜಮೀನನ್ನು ಜಪ್ತಿ ಮಾಡಿದರೆ, ಆ ಆಜ್ಞೆಯನ್ನು ಜಮೀನಿನ ಮೇಲೆ ಅಥವಾ ಅದರ ಪಕ್ಕದಲ್ಲಿ ಡೋಲು ಬಾರಿಸಿ ಅಥವಾ ಅಲ್ಲಿ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು ಎಂದು ಅದು ಹೇಳುತ್ತದೆ. ಅಂದರೆ ತಮಟೆಯವನ ಮಾತು ನಿಮ್ಮ ಕಿವಿಗೆ ಬೀಳದೆಹೋದರೂ ಕಾನೂನಿನ ಲೆಕ್ಕದಲ್ಲಿ ಬಿದ್ದ ಹಾಗೆಯೇ. ಓದುಬರಹ ಬಾರದ ರೈತನಿಗೆ ತನ್ನ ಹೊಲ ಹರಾಜಿಗೆ ಬಂದಿದೆ ಎಂದು ತಿಳಿಯಲು ಇದ್ದ ದಾರಿ ಆ ಒಂದು ಕೂಗು.

ಆ ಕೂಗಿನ ಕ್ರಮವನ್ನು ಗಮನಿಸಿ. ಮೊದಲು ತಮಟೆ. ಗದ್ದಲವನ್ನು ಸೀಳಿ ಜನರ ಕಿವಿಯನ್ನು ತನ್ನತ್ತ ತಿರುಗಿಸಲು ಅದು. ಆಮೇಲೆ ತಮಟೆ ಪೂರ್ತಿ ನಿಲ್ಲುತ್ತದೆ. ಆ ನಿಶ್ಶಬ್ದದಲ್ಲಿ ಮಾತು ಬರುತ್ತದೆ: ಚಿಕ್ಕ ಚಿಕ್ಕ ತುಂಡುಗಳಲ್ಲಿ, ಪ್ರತಿ ತುಂಡಿನ ಕೊನೆಯ ಸ್ವರವನ್ನು ಎಳೆದು. ಮತ್ತೆ ತಮಟೆ. ಮುಂದಿನ ಮೂಲೆಯಲ್ಲಿ ಅದೇ ಮಾತು ಮತ್ತೊಮ್ಮೆ. ವಾದ್ಯ ಮತ್ತು ಮಾತು ಒಂದರ ಮೇಲೊಂದು ಬೀಳದ ಹಾಗೆ ನೋಡಿಕೊಳ್ಳುವ ಈ ಸರಳ ಉಪಾಯವನ್ನು ನಮ್ಮ ಅನೇಕ ಮದುವೆ ಮಂಟಪಗಳು ಇಂದಿಗೂ ಕಲಿತಿಲ್ಲ.

ಈ ಕೆಲಸ ಮಾಡುತ್ತಿದ್ದವರು ಊರಿನ ಚಾಕರಿಯ ಕುಟುಂಬಗಳವರು, ಬಹುಮಟ್ಟಿಗೆ ದಲಿತರು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆ ವಂಶಪಾರಂಪರ್ಯ ಚಾಕರಿಗಳನ್ನು ಕಾಗದದ ಮೇಲೆ ಕೊನೆಗೊಳಿಸಿತು. ಅದು ಆಗಬೇಕಾದ್ದೇ. ಆದರೆ ಆ ಚಾಕರಿಯೊಳಗೊಂದು ವಿಚಿತ್ರವಿತ್ತು ಎಂಬುದನ್ನು ಮರೆಯಬಾರದು. ಯಾರನ್ನು ಊರು ಹೊಸ್ತಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವೋ ಅವನ ದನಿಗೆ ಊರೆಲ್ಲ ಕಿವಿಗೊಡಲೇಬೇಕಾಗಿತ್ತು.

ಈಗ ರಾತ್ರಿಯ ಕಥೆಗೆ ಬರೋಣ.

ಈ ಸೀಮೆಯಲ್ಲಿ ಎರಡು ದೊಡ್ಡ ಕಥಾಪರಂಪರೆಗಳಿವೆ. ಒಂದು ಮಲೆ ಮಾದೇಶ್ವರನದು. ಅದನ್ನು ಹಾಡುವವರು ಕಂಸಾಳೆಯ ದೇವರಗುಡ್ಡರು. ಇನ್ನೊಂದು ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರದು. ಅದನ್ನು ಹಾಡುವವರು ನೀಲಗಾರರು, ಜನರ ಬಾಯಲ್ಲಿ ತಂಬೂರಿಯವರು. ಗುಡ್ಡರಾಗಿ ದೀಕ್ಷೆ ಪಡೆದವರಲ್ಲಿ ಹಲವು ಜಾತಿಯವರಿದ್ದಾರೆ. ನೀಲಗಾರರಲ್ಲಿ ದಲಿತರು ಮತ್ತು ಹಿಂದುಳಿದ ಸಮುದಾಯದವರು ಹೆಚ್ಚು. ಈ ಕಥೆಗಳ ಉದ್ದ ಎಷ್ಟೆಂದರೆ ಅವನ್ನು ಸಾಲುಗಳಾಗಿ ಒಡೆದು ಹೇಳುತ್ತಾರೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಒಂದೊಂದು ಸಾಲಿಗೂ ರಾತ್ರಿಯ ಬಹುಪಾಲು ಹಿಡಿಯಬಹುದು. ಬನದ ಹುಣ್ಣಿಮೆಯ ಹೊತ್ತಿಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ನೆರೆಯುತ್ತದೆ. ಚಂದ್ರಮಂಡಲಕ್ಕೆ ಬೆಂಕಿ ಹತ್ತುವುದರಿಂದ ಮೊದಲಾಗಿ ಐದು ದಿನ. ಮಾದಪ್ಪನ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ಮಹಾಲಯ, ದೀಪಾವಳಿಗಳ ಜಾತ್ರೆ. ಬೆಟ್ಟಕ್ಕೆ ತಮಿಳುನಾಡಿನ ಭಕ್ತರೂ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಹೀಗೆ ಕಥೆಗಾರನ ಮುಂದೆ ಕೂತವರಲ್ಲಿ ಹತ್ತಿರದ ಊರಿನವರು, ದೂರದವರು, ಕನ್ನಡ ಅರೆಬರೆ ತಿಳಿದವರು, ನಿದ್ದೆಗಣ್ಣಿನ ಮಕ್ಕಳು, ಎಲ್ಲರೂ ಇರುತ್ತಿದ್ದರು.

ದನಿಯ ಲೆಕ್ಕ ಸ್ವಲ್ಪ ಹಾಕೋಣ. ನಾನು ವಿಜ್ಞಾನ ಓದಿದವನಾದ್ದರಿಂದ ಈ ಚಾಪಲ್ಯವನ್ನು ನೀವು ಸಹಿಸಿಕೊಳ್ಳಬೇಕು. ಸಾಧಾರಣ ಮಾತಿನ ಮಟ್ಟ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಅದು 6 ಡೆಸಿಬೆಲ್ ಇಳಿಯುತ್ತದೆ. ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು. ಆರು ಇಮ್ಮಡಿ, 36 ಡೆಸಿಬೆಲ್ ಇಳಿತ. ಅರವತ್ತನಾಲ್ಕು ಮೀಟರ್ ಆಚೆ ಕೂತವನಿಗೆ ಉಳಿಯುವುದು 24. ಹಳ್ಳಿಯ ರಾತ್ರಿಯ ಕೀಟಗಳ ಸದ್ದೇ ಅದನ್ನು ಮುಚ್ಚಿಹಾಕುತ್ತದೆ. ಗಟ್ಟಿಯಾಗಿ ಅರಚಿದರೆ ಒಂದು ಮೀಟರಿನಲ್ಲಿ 85ರಿಂದ 90ರವರೆಗೆ ಏರಿಸಬಹುದು, ಆಗ ದೂರದವನಿಗೂ ಐವತ್ತರಷ್ಟು ಸಿಗುತ್ತದೆ. ಲೆಕ್ಕ ಸರಿಹೋಯಿತು ಎನ್ನುವಿರಾ? ಇಲ್ಲೇ ತೊಡಕಿರುವುದು. ಅರಚುವಾಗ ಬೆಳೆಯುವುದು ಸ್ವರಗಳು: ಆ, ಈ, ಓ. ಅರ್ಥವನ್ನು ಹೊರುವ ವ್ಯಂಜನಗಳು, ಅದರಲ್ಲೂ ತ, ಕ, ಪ, ಸ ಮೊದಲಾದವು, ಹೆಚ್ಚು ಬೆಳೆಯುವುದಿಲ್ಲ. ಆದ್ದರಿಂದಲೇ ದೂರದಿಂದ ಯಾರೋ ಕೂಗಿದ್ದು ಕೇಳಿಸುತ್ತದೆ, ಏನು ಕೂಗಿದರು ಎಂಬುದು ತಿಳಿಯುವುದಿಲ್ಲ. ಅದೂ ಅಲ್ಲದೆ ಅರಚುವ ಗಂಟಲು ಅರ್ಧ ಗಂಟೆಗೆ ಕಟ್ಟುತ್ತದೆ. ಕಥೆಗಾರನಿಗೆ ಬೆಳಗಿನ ಜಾವದವರೆಗೆ ಕೆಲಸ ಇದೆ.

ಹಾಗಾದರೆ ಅವನು ಮಾಡುವುದೇನು? ಒಂದು ಕಂಸಾಳೆ ಮೇಳವನ್ನು ಕಣ್ಣಿಗೆ ತಂದುಕೊಳ್ಳಿ. ಸಾಮಾನ್ಯವಾಗಿ ಮೂವರು, ಹೆಚ್ಚೆಂದರೆ ಐವರು. ಮುಖ್ಯ ಗಾಯಕನ ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಹಿಮ್ಮೇಳದವರಲ್ಲಿ ತಂಬೂರಿ, ದಮ್ಮಡಿ. ನೀಲಗಾರರ ಮೇಳವಾದರೆ ಮುಖ್ಯ ಗಾಯಕನದೇ ತಂಬೂರಿ, ಜೊತೆಗೆ ಗಗ್ಗರ. ಗಾಯಕ ಒಂದು ಸೊಲ್ಲು ಹೇಳುತ್ತಾನೆ. ಹಿಮ್ಮೇಳ ಅದನ್ನು ಎತ್ತಿಕೊಂಡು ಮತ್ತೆ ಹಾಡುತ್ತದೆ. ಮುಂದಿನ ಸೊಲ್ಲಿನಲ್ಲಿ ಅವನು ಹಿಂದಿನದರ ಅರ್ಧವನ್ನು ಉಳಿಸಿಕೊಂಡು ಹೊಸ ಅರ್ಧವನ್ನು ಸೇರಿಸುತ್ತಾನೆ. ಒಂದು ಮಾತು ಗಾಳಿಗೆ ಹಾರಿಹೋಗಿ ನಿಮಗೆ ತಪ್ಪಿದರೆ ಹಿಮ್ಮೇಳ ಅದನ್ನು ಎರಡನೆಯ ಸಲ ತರುತ್ತದೆ, ಅದೂ ತಪ್ಪಿದರೆ ಮುಂದಿನ ಸೊಲ್ಲು ಮೂರನೆಯ ಸಲ ತರುತ್ತದೆ. ಇಂದು ಉಪಗ್ರಹದಿಂದ ಸಂಕೇತ ಕಳಿಸುವವರು ಸದ್ದಿನಲ್ಲಿ ಕಳೆದುಹೋಗಬಾರದೆಂದು ಹೆಚ್ಚುವರಿ ಮಾಹಿತಿಯನ್ನು ಸೇರಿಸಿ ಕಳಿಸುತ್ತಾರೆ. ಕೆಲಸ ಅದೇ.

1960, 70ರ ದಶಕಗಳಿಂದೀಚೆಗೆ ನಮ್ಮ ಜಾನಪದ ವಿದ್ವಾಂಸರು ಈ ಕಾವ್ಯಗಳನ್ನು ಸಂಗ್ರಹಿಸಿ ಅಚ್ಚಿಗೆ ತಂದದ್ದು ದೊಡ್ಡ ಉಪಕಾರ. ಜೀ.ಶಂ. ಪರಮಶಿವಯ್ಯನವರು ದಾರಿ ತೋರಿದರು. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್, ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದರು, ಎರಡನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಈ ಪುಸ್ತಕಗಳನ್ನು ಓದಲು ಕೂತ ಎಷ್ಟೋ ಜನ ಹೇಳಿದ ಮಾತೊಂದಿದೆ: ಹೇಳಿದ್ದನ್ನೇ ಹೇಳುತ್ತಾರೆ, ಬೇಸರ ಬರುತ್ತದೆ ಎಂದು. ಕಣ್ಣಿನಿಂದ ಓದಿದರೆ ಬರಬೇಕಾದ್ದೇ. ಆ ಪುನರುಕ್ತಿ ಪುಟಕ್ಕಾಗಿ ಇಟ್ಟದ್ದಲ್ಲ, ಜಾತ್ರೆಯ ಅಂಚಿನಲ್ಲಿ ಕಂಬಳಿ ಹೊದ್ದು ಕೂತವನಿಗಾಗಿ ಇಟ್ಟದ್ದು.

ಕಂಚಿನ ತಾಳದ ವಿಷಯವೂ ಹೀಗೆಯೇ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಸೆಕೆಂಡಿಗೆ ಎರಡು ಸಾವಿರದಿಂದ ಐದು ಸಾವಿರ ಕಂಪನಗಳ ವಲಯದಲ್ಲಿ. ವ್ಯಂಜನಗಳ ಗುರುತು ಸಿಗುವುದೂ ಬಹುಮಟ್ಟಿಗೆ ಅಲ್ಲೇ. ಕಂಸಾಳೆಯ ಝಣತ್ಕಾರ ಬಂದು ಬೀಳುವುದೂ ಆ ಸುತ್ತಿನಲ್ಲೇ. ಮಾತಿನ ಮೇಲೆ ಅದನ್ನು ಜೋರಾಗಿ ಬಾರಿಸಿದರೆ ಮಾತು ಸತ್ತಂತೆ. ಸ್ಟುಡಿಯೋದಲ್ಲಿ ಕಂಸಾಳೆ ಮೇಳಕ್ಕೆ ಒಂದೇ ಮೈಕು ಇಟ್ಟ ಯಾರಿಗೇ ಆದರೂ ಇದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಮೀಟರಿನ ಮುಳ್ಳು ಕೆಂಪಿಗೆ ಜಿಗಿದು ಅಲ್ಲೇ ಕೂರುತ್ತದೆ. ಅನುಭವಿ ಗುಡ್ಡರು ಕಥೆಯ ಮಾತು ನಡೆಯುವಾಗ ತಾಳವನ್ನು ಮೆತ್ತಗೆ ತಡೆದು, ಸೊಲ್ಲು ಮುಗಿದು ಹಿಮ್ಮೇಳ ಏರುವಾಗ ಬಿಡುತ್ತಾರೆ. ತಮಟೆಯವನ ಉಪಾಯವೇ ಇದು. ಒಂದು ಸಾರಿಕೆಗೆ ಸಾಕಾಗುತ್ತಿದ್ದ ಉಪಾಯ ಇಲ್ಲಿ ಇಡೀ ರಾತ್ರಿಗೆ ಹಿಗ್ಗಿದೆ.

ಇನ್ನು ನುಡಿ. ಕನ್ನಡದ ಪದಗಳು ಬಹುತೇಕ ಸ್ವರದಲ್ಲೇ ಕೊನೆಗೊಳ್ಳುತ್ತವೆ. ಹಾಗಾಗಿ ಪದದ ತುದಿಯಲ್ಲಿ ದನಿಯನ್ನು ತೂಗುಹಾಕಲು ಯಾವಾಗಲೂ ಒಂದು ಗೂಟ ಸಿಗುತ್ತದೆ. ಈ ಸೀಮೆಯ ಆಡುಮಾತಿನಲ್ಲಿ ಮಹಾಪ್ರಾಣಗಳಿಲ್ಲ. ಹಾಲು ‘ಆಲು’ ಆಗುತ್ತದೆ, ಹುಲಿ ‘ಉಲಿ’ ಆಗುತ್ತದೆ. ಪೇಟೆಯವರು ಇದನ್ನು ಕೇಳಿ ನಗುವುದುಂಟು. ಆದರೆ ಹಕಾರವೂ ಮಹಾಪ್ರಾಣದ ಉಸಿರೂ ನಮ್ಮ ವರ್ಣಮಾಲೆಯಲ್ಲೇ ಅತಿ ಕ್ಷೀಣವಾದ ಸದ್ದುಗಳು. ಇಪ್ಪತ್ತು ಮೀಟರ್ ಆಚೆಗೆ ಅವನ್ನು ಯಾರು ಉಚ್ಚರಿಸಿದರೂ ಒಂದೇ, ಬಿಟ್ಟರೂ ಒಂದೇ. ಕೊಳ್ಳೇಗಾಲದ ಮಾತು ಹಾಗಾದದ್ದು ಈ ಕಾರಣಕ್ಕೆ ಎಂದು ನಾನು ಹೇಳುತ್ತಿಲ್ಲ. ಬಯಲಿನ ಕಥೆಗೆ ಅದರಿಂದ ನಷ್ಟವೇನೂ ಆಗಲಿಲ್ಲ ಎಂದಷ್ಟೇ.

ಇದಕ್ಕೆ ಎದುರಾಗಿ ಯಳಂದೂರಿನ ಇನ್ನೊಂದು ಪರಂಪರೆಯನ್ನು ಇಟ್ಟು ನೋಡಬಹುದು. 17ನೇ ಶತಮಾನದಲ್ಲಿ ‘ರಾಜಶೇಖರ ವಿಳಾಸ’ ಬರೆದ ಷಡಕ್ಷರದೇವ ಈ ಊರಿನಲ್ಲಿ ನೆಲೆಸಿದ್ದವನು. ಅವನ ಚಂಪೂ ಕಾವ್ಯ ಬಲ್ಲವರ ಓಲಗಕ್ಕೆ, ನಾಲ್ಕು ಗೋಡೆಗಳ ಒಳಗೆ ಪದಪದವನ್ನೂ ಬಿಡಿಸಿ ಹೇಳುವ ವ್ಯಾಖ್ಯಾನಕ್ಕೆ ಹೊಂದುವಂಥದು. ಅದೇ ಊರಿನಿಂದ ಹೋಗಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗ ಮಾಡಿದ ಹೊನ್ನಮ್ಮ ತನ್ನ ‘ಹದಿಬದೆಯ ಧರ್ಮ’ಕ್ಕೆ ಆರಿಸಿಕೊಂಡದ್ದು ಹಾಡಲು ಬರುವ ಸಾಂಗತ್ಯವನ್ನು. ಓದು ಬಾರದವರ ಕಿವಿಗೂ ಬೀಳಲಿ ಎಂಬ ಎಚ್ಚರ ಅವಳಿಗಿತ್ತು ಎಂದು ನನಗೆ ತೋರುತ್ತದೆ.

ರಾತ್ರಿಯೂ ಕಥೆಗಾರನ ಪರವಾಗಿತ್ತು. ಹಗಲಿನಲ್ಲಿ ನೆಲ ಕಾದು, ಅದರ ಪಕ್ಕದ ಗಾಳಿ ಬಿಸಿಯಾಗಿ, ಸದ್ದಿನ ಅಲೆಗಳು ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತವೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಆಗ ಅಲೆಗಳು ನೆಲದತ್ತ ಬಾಗುತ್ತವೆ. ಬನದ ಹುಣ್ಣಿಮೆ ಬೀಳುವುದು ಚಳಿಗಾಲದ ನಡುವೆ, ಇದಕ್ಕೆ ಹೇಳಿ ಮಾಡಿಸಿದ ಕಾಲ. ದೂರದ ಊರಿನ ಭಜನೆ ಹಗಲಿಗಿಂತ ರಾತ್ರಿ ಸ್ಪಷ್ಟವಾಗಿ ಕೇಳುವುದು ನಿಮಗೂ ಅನುಭವವಿರಬೇಕು.

ಹೀಗೆಲ್ಲ ಸೇರಿ ಎಷ್ಟು ಜನಕ್ಕೆ ಕೇಳುತ್ತಿತ್ತು? ಇಂಥ ಲೆಕ್ಕವನ್ನು ಹಾಕಿದವರಲ್ಲಿ ಒಬ್ಬ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1739ರಲ್ಲಿ ಫಿಲಡೆಲ್ಫಿಯಾಕ್ಕೆ ಜಾರ್ಜ್ ವಿಟ್‌ಫೀಲ್ಡ್ ಎಂಬ ಪ್ರಸಿದ್ಧ ಉಪದೇಶಕ ಬಂದಿದ್ದ. ಅವನು ಬಯಲಿನಲ್ಲಿ ಮಾತನಾಡುತ್ತಿದ್ದಾಗ ಫ್ರಾಂಕ್ಲಿನ್ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಮಾತು ಮಸುಕಾದ ಜಾಗವನ್ನು ಗುರುತು ಮಾಡಿಕೊಂಡ. ಆ ದೂರವನ್ನು ತ್ರಿಜ್ಯವಾಗಿ ಹಿಡಿದು ಅರ್ಧವೃತ್ತ ಎಳೆದು, ಒಬ್ಬನಿಗೆ ಎರಡು ಚದರ ಅಡಿಯಂತೆ ಜನರನ್ನು ತುಂಬಿಸಿ, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೇಳಬಹುದು ಎಂದು ಬರೆದ. ಎರಡು ಚದರ ಅಡಿಯಲ್ಲಿ ನಮ್ಮವರು ಕೂರಲಾರರು. ಕಂಬಳಿ, ಬುತ್ತಿ, ಮಗು ಎಲ್ಲಕ್ಕೂ ಜಾಗ ಬೇಕು. ನಾವು ಧಾರಾಳವಾಗಿ ಚದರ ಮೀಟರಿಗೆ ಇಬ್ಬರನ್ನೇ ಕೂರಿಸೋಣ, ತ್ರಿಜ್ಯವನ್ನೂ 50 ಮೀಟರಿಗೆ ಇಳಿಸೋಣ. ಅರ್ಧವೃತ್ತದ ವಿಸ್ತೀರ್ಣ 3,900 ಚದರ ಮೀಟರಿಗೆ ಸ್ವಲ್ಪ ಮೇಲೆ. ಸುಮಾರು 7,800 ಜನ. ಜನರೆಲ್ಲ ಸುಮ್ಮನೆ ಕೂತಿದ್ದರೆ ಎಂಬುದು ಷರತ್ತು. ಸುಮ್ಮನೆ ಕೂರಿಸುವುದೂ ಕಥೆಗಾರನ ಕೆಲಸವೇ ಆಗಿತ್ತು.

ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು ಇನ್ನೊಂದು ಬಗೆಯ ದನಿಯನ್ನು ಕೊಟ್ಟಿತು. ವೃತ್ತಿನಾಟಕದ ನಟ ಪುಟ್ಟಸ್ವಾಮಯ್ಯನವರು ಆ ಊರಿನವರು. ಕಂಸ, ರಾವಣ, ಹಿರಣ್ಯಕಶಿಪು ಮೊದಲಾದ ಅಬ್ಬರದ ಪಾತ್ರಗಳಿಗೆ ಅವರ ಹೆಸರು. 1929ರಲ್ಲಿ ಹುಟ್ಟಿದ ಅವರ ಮಗ ಮುತ್ತುರಾಜ್ ಎಳೆವಯಸ್ಸಿನಲ್ಲೇ ತಂದೆಯೊಡನೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿ, 1954ರ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ರಾಜ್‌ಕುಮಾರ್ ಆದರು. ಕಂಪನಿ ನಾಟಕದ ನಟನಿಗೂ ಕಥೆಗಾರನ ಕಷ್ಟವೇ: ಹಿಂದಿನ ಸಾಲಿನ ಅಗ್ಗದ ಟಿಕೆಟ್ಟಿನವನಿಗೂ ಮಾತು ಮುಟ್ಟಬೇಕು. ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು, ಅಕ್ಷರ ಅಕ್ಷರವನ್ನೂ ಕಡೆದು ಆಡುತ್ತಿದ್ದರು. 1970ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಅವರು ಆಪೆರಾ ಗಾಯಕರ ದನಿಯನ್ನು ಅಳೆದು, ಪಳಗಿದ ಗಂಟಲು ತನ್ನ ಶಕ್ತಿಯನ್ನು ಸೆಕೆಂಡಿಗೆ ಮೂರು ಸಾವಿರ ಕಂಪನಗಳ ಆಸುಪಾಸಿನಲ್ಲಿ ಒಟ್ಟುಗೂಡಿಸಿ ದೊಡ್ಡ ವಾದ್ಯವೃಂದವನ್ನೂ ಮೀರಿ ಕೇಳಿಸುತ್ತದೆ ಎಂದು ತೋರಿಸಿದರು. ನಮ್ಮ ಕಂಪನಿ ನಟರ ಗುಟ್ಟೂ ಇದಕ್ಕೆ ದೂರವಿರಲಾರದು. ಆಮೇಲೆ ರಂಗದ ಮೇಲಿನಿಂದ ಮೈಕುಗಳು ಇಳಿಬಿದ್ದವು. ರಾವಣ ಸೀತೆಯ ಹತ್ತಿರ ಹೋಗುವ ಬದಲು ಮೈಕಿನ ಕೆಳಗೆ ಬಂದು ನಿಂತು ಗರ್ಜಿಸುವ ದೃಶ್ಯವನ್ನು ಹಳಬರು ನೆನೆಸಿಕೊಂಡು ನಗುತ್ತಾರೆ.

ಮೈಕಿನ ಚರಿತ್ರೆ ದೊಡ್ಡದು, ಇಲ್ಲಿ ಎರಡೇ ಮಾತು. 1915ರಲ್ಲಿ ಅಮೆರಿಕದ ಜೆನ್ಸನ್ ಮತ್ತು ಪ್ರಿಡಮ್ ಎಂಬ ಇಬ್ಬರು ಧ್ವನಿವರ್ಧಕವನ್ನು ಸಾರ್ವಜನಿಕ ಸಭೆಗೆ ತಂದು ತೋರಿಸಿದರು. 1930ರ ದಶಕದ ಹೊತ್ತಿಗೆ ನಮ್ಮ ಕಾಂಗ್ರೆಸ್ ಅಧಿವೇಶನಗಳಲ್ಲಿ ಮೊಟ್ವಾನಿಯವರ ‘ಚಿಕಾಗೊ ರೇಡಿಯೊ’ ಎಂಬ ಹೆಸರಿನ ಮೈಕು ನಾಯಕರ ಮುಂದೆ ನಿಂತಿತು. ಹಳ್ಳಿಗೆ ಅದು ಬಂದದ್ದು ಬಹಳ ತಡವಾಗಿ, ಟೂರಿಂಗ್ ಟಾಕೀಸು, ಚುನಾವಣೆ, ಮದುವೆಗಳ ಜೊತೆಗೆ, ಮರಕ್ಕೆ ಕಟ್ಟಿದ ತಗಡಿನ ಕಹಳೆಯಾಗಿ. 80ರ ದಶಕದಲ್ಲಿ ಕ್ಯಾಸೆಟ್ಟು ಬಂತು. ಮೈಸೂರು ಗುರುರಾಜ್ ಅವರ ತಂಬೂರಿ ಕಥೆಗಳು ಟೀ ಅಂಗಡಿಗಳಲ್ಲಿ, ಲಾರಿಗಳಲ್ಲಿ ಕೇಳಿದವು. ಅದು ಸಂತೋಷದ ವಿಷಯ. ಕಥೆಗೆ ಹೊಸ ಕಿವಿಗಳು ದೊರೆತವು, ಹಾಡುವವರಿಗೆ ಹೆಸರು, ಒಂದಿಷ್ಟು ಕಾಸು ದೊರೆಯಿತು.

ಆದರೆ ಮೈಕು ಕೊಡುವುದು ಗಟ್ಟಿತನವನ್ನು. ಸ್ಪಷ್ಟತೆ ಅದರ ಹಿಂದೆಯೇ ಬರುತ್ತದೆ ಎಂದುಕೊಂಡವರು ಜಾತ್ರೆಯ ಬಯಲಿನಲ್ಲಿ ನಿಂತು ನೋಡಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಒಂದು ಕಹಳೆ ನಿಮ್ಮ ಪಕ್ಕದಲ್ಲಿ, ಇನ್ನೊಂದು 34 ಮೀಟರ್ ದೂರದಲ್ಲಿ ಇದ್ದರೆ, ಎರಡನೆಯದರ ಮಾತು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಬರುತ್ತದೆ. ನಾವು ಸೆಕೆಂಡಿಗೆ ಐದಾರು ಅಕ್ಷರ ಆಡುವವರು. ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ ಬಂದು ಕೂರುತ್ತದೆ. ನಾಲ್ಕು ಕಹಳೆ ಇದ್ದರೆ ಕೇಳುವುದೇ ಬೇಡ. ಆಗ ಮೈಕ್‌ಸೆಟ್ಟಿನವನು ಮಾಡುವುದು ಒಂದೇ, ದನಿಯನ್ನು ಇನ್ನಷ್ಟು ಏರಿಸುವುದು. ಪಕ್ಕದ ಪೆಂಡಾಲಿನವನೂ ಏರಿಸುತ್ತಾನೆ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲೇ ಹೇಳಿದ್ದ. ಆ ಚಟವನ್ನು ನಾವು ಯಂತ್ರಕ್ಕೂ ಕಲಿಸಿದ್ದೇವೆ.

ಕಥೆಗೆ ಬಿದ್ದ ಪೆಟ್ಟು ಇನ್ನೂ ಸೂಕ್ಷ್ಮ. ಮೈಕು ಇದ್ದ ಮೇಲೆ ಹಿಮ್ಮೇಳ ಎರಡನೆಯ ಸಲ ಹೇಳುವ ಅಗತ್ಯ ಕಾಣುವುದಿಲ್ಲ. ಒಂದು ಗಂಟೆಯ ವೇದಿಕೆ ಕಾರ್ಯಕ್ರಮಕ್ಕೆ, ನಮ್ಮಂಥ ದೂರದರ್ಶನದವರ ಅರ್ಧ ಗಂಟೆಗೆ, ಪುನರುಕ್ತಿ ಮೊದಲು ಕತ್ತರಿಗೆ ಸಿಗುವ ವಸ್ತು. ಹಿಮ್ಮೇಳದವನು ಬರೀ ವಾದ್ಯ ಹಿಡಿದು ಕೂರುತ್ತಾನೆ. ಎಳೆಯ ವಯಸ್ಸಿನಿಂದ ಹಿಮ್ಮೇಳದಲ್ಲಿ ಕೂತು, ಪ್ರತಿ ಸೊಲ್ಲನ್ನೂ ಬಾಯಿಬಿಟ್ಟು ಮರುನುಡಿದೇ ಸಾವಿರಾರು ಸಾಲು ಕಲಿತು ಮುಂದೆ ಮುಖ್ಯ ಗಾಯಕರಾದವರು ಹಿಂದಿನವರು. ಮರುನುಡಿ ನಿಂತರೆ ಆ ಶಾಲೆಯೇ ಮುಚ್ಚುತ್ತದೆ. ಓದುಬರಹವಿಲ್ಲದ ಒಬ್ಬ ಮನುಷ್ಯ ಒಂದು ಮಹಾಕಾವ್ಯವನ್ನು ಹೃದ್ಗತ ಮಾಡಿಕೊಳ್ಳುತ್ತಿದ್ದ ವಿಧಾನವೂ ಸಾವಿರ ಜನಕ್ಕೆ ಕೇಳಿಸುತ್ತಿದ್ದ ವಿಧಾನವೂ ಒಂದೇ ಆಗಿತ್ತು.

ಈಗ ಕಾನೂನೂ ನಡುವೆ ಬಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ. ಕಾಯಿಲೆಯವರು, ಪರೀಕ್ಷೆಗೆ ಓದುವ ಮಕ್ಕಳು ಇರುವ ಊರಿನಲ್ಲಿ ಈ ನಿಯಮ ನ್ಯಾಯವೇ. ಅದನ್ನು ತಂದದ್ದು ಕಥೆಗಾರರಲ್ಲ, ಕಹಳೆಗಳ ಪೈಪೋಟಿ. ಆದರೂ ಪರಿಣಾಮ ನೋಡಿ. ಮೈಕಿಲ್ಲದೆ ಬೆಳಗಿನವರೆಗೆ ನಡೆಯುತ್ತಿದ್ದ ಕಥೆ ಮೈಕಿಗೆ ಒಗ್ಗಿದ ಮೇಲೆ ಮೈಕಿನ ಗಂಟೆಗೆ ನಿಲ್ಲಬೇಕಾಗಿದೆ.

ಇದು ಕಥೆಗಾರರ ಕಷ್ಟ ಮಾತ್ರ ಎಂದು ನೀವು ತಿಳಿಯಬೇಡಿ. 1993ರ ಪಂಚಾಯತ್ ರಾಜ್ ಕಾಯಿದೆ ಬಂದಂದಿನಿಂದ ಪ್ರತಿ ಹಳ್ಳಿಯವರೂ ಗ್ರಾಮಸಭೆಯಲ್ಲಿ ಕೂತು ಮನೆ ಯಾರಿಗೆ, ಸೈಟು ಯಾರಿಗೆ ಎಂಬ ಪಟ್ಟಿಯನ್ನು ಕೇಳುವ ಹಕ್ಕುಳ್ಳವರು. ಆ ಪಟ್ಟಿಯನ್ನು ಮೈಕಿಗೆ ಬಾಯಿ ತಾಗಿಸಿ, ಒಂದೇ ಉಸಿರಿಗೆ, ಹೆಸರಿನ ಮೇಲೆ ಹೆಸರು ಹೇರಿ ಓದಿ ಮುಗಿಸುವುದನ್ನು ನೋಡಿದಾಗಲೆಲ್ಲ ನನಗೆ ಹಳೆಯ ತಮಟೆಯವನು ನೆನಪಾಗುತ್ತಾನೆ. ಹರಾಜಿನ ಸುದ್ದಿಯನ್ನಾದರೂ ಅವನು ಮೂಲೆಮೂಲೆಗೆ ಹೋಗಿ, ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದ. ಶಾಲೆಯ ಅಂಗಳದಲ್ಲಿ ಪ್ರಾರ್ಥನೆಯ ಹೊತ್ತಿಗೆ ಇನ್ನೂರು ಮಕ್ಕಳನ್ನು ಎದುರಿಸುವ ಮೇಷ್ಟ್ರು, ತಾಯಂದಿರನ್ನು ಸೇರಿಸಿ ಲಸಿಕೆಯ ದಿನ ಹೇಳುವ ಆರೋಗ್ಯ ಕಾರ್ಯಕರ್ತೆ, ಇವರಿಗೂ ಒಂದು ಹಿಮ್ಮೇಳ ಇದ್ದರೆ ಎಷ್ಟು ಅನುಕೂಲ! ಮುಂದಿನ ಸಾಲಿನ ಒಬ್ಬ ಹುಡುಗಿ ದಿನಾಂಕವನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರೂ ಸಾಕು.

ಬನದ ಹುಣ್ಣಿಮೆಗೆ ನೀವು ಚಿಕ್ಕಲ್ಲೂರಿಗೆ ಹೋದರೆ ದೊಡ್ಡ ಪೆಂಡಾಲನ್ನು ಬಿಟ್ಟು, ಕಹಳೆಗಳಿಗೆ ಬೆನ್ನು ಮಾಡಿ ಸ್ವಲ್ಪ ಅಂಚಿಗೆ ನಡೆಯಿರಿ. ಮೂವರು ನಾಲ್ವರು ತಂಬೂರಿ ಹಿಡಿದು ಕೂತು ಹಾಡುತ್ತಿರುವ ಗುಂಪು ಕಂಡರೆ ಅಲ್ಲಿ ಫ್ರಾಂಕ್ಲಿನ್ ಮಾಡಿದ್ದನ್ನು ಮಾಡಿ ನೋಡಿ. ತಾಳ ಮಾತ್ರ ಕೇಳಿ ಮಾತು ತಿಳಿಯದಷ್ಟು ಹಿಂದಕ್ಕೆ ಹೋಗಿ, ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬನ್ನಿ. ಮೊದಲು ಕಿವಿಗೆ ಅರ್ಥವಾಗುವುದು ಹಿಮ್ಮೇಳದ ಸೊಲ್ಲು. ಇನ್ನು ಹತ್ತು ಹೆಜ್ಜೆಗೆ ಗಾಯಕನ ಮಾತು. ಅಲ್ಲಿ ಕೂತುಕೊಳ್ಳಿ, ಚಳಿ ಇರುತ್ತದೆ, ಹೊದೆಯಲು ಏನಾದರೂ ಒಯ್ದಿರಿ.